ಪಡಖಾನೆ ಎಲ್ಲಿ ಹೋಯಿತು?



ನಿಂತಿರುವ ಕಟ್ಟಡದ ಚರಿತ್ರೆಯನ್ನು ಬರೆಯುವುದು ಅಷ್ಟೇನೂ ಕಷ್ಟವಲ್ಲ. ಕೋಟೆಯ ಕಲ್ಲು, ದೇವಾಲಯದ ಶಾಸನ, ಅರಮನೆಯ ದಾಖಲೆ ನಮಗೆ ನೆರವಾಗುತ್ತವೆ. ಆದರೆ ಒಂದು ಇಟ್ಟಿಗೆಯೂ ಉಳಿಯದಂತೆ ಮರೆಯಾದ ಕಟ್ಟಡದ ಚರಿತ್ರೆಯನ್ನು ಹುಡುಕುವುದು ಹೇಗೆ? ಅಂಥ ಒಂದು ಕಟ್ಟಡವನ್ನು ಈ ದಿನ ನೋಡೋಣ. ಅದರ ಹೆಸರು ಪಡಖಾನೆ, ಎಂದರೆ ಹೆಂಡ, ಸಾರಾಯಿ ಮಾರುತ್ತಿದ್ದ ಅಂಗಡಿ.

ದಕ್ಷಿಣ ಬೆಂಗಳೂರಿನ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳಲ್ಲಿ ನೀವು ಓಡಾಡಿರಬಹುದು. ಇಂದು ಅಲ್ಲಿ ದೀಪಾಲಂಕಾರದ ಪಬ್ಬುಗಳ ಫಲಕಗಳು ಕಾಣುತ್ತವೆ. ಆದರೆ ಈ ನೆಲ ಒಂದು ಕಾಲಕ್ಕೆ ಭೈರಸಂದ್ರ, ಯಡಿಯೂರು, ಸಾರಕ್ಕಿ, ಮಾರೇನಹಳ್ಳಿ, ತಾವರೆಕೆರೆ ಮೊದಲಾದ ಹಳ್ಳಿಗಳ ಹೊಲಗದ್ದೆಯಾಗಿತ್ತು. ಹಳೆಯ ಮೈಸೂರು ಸೀಮೆಯ ಹಳ್ಳಿಗಾಡಿನಲ್ಲಿ ದುಡಿದು ದಣಿದವನು ಸಂಜೆ ಹೋಗಿ ಕೂರುತ್ತಿದ್ದ ಜಾಗ ಪಡಖಾನೆ. ಇಂಗ್ಲೆಂಡಿನ ಹಳ್ಳಿಗೆ ಪಬ್ ಹೇಗೋ, ನಮ್ಮ ಸೀಮೆಗೆ ಪಡಖಾನೆ ಹಾಗೆ. ಅಲ್ಲಿ ನೂರಾರು ವರ್ಷ ಹಳೆಯ ಪಬ್ ಕಟ್ಟಡಗಳು ಇಂದಿಗೂ ಇವೆ. ಇಲ್ಲಿ ಪಡಖಾನೆಯ ಕುರುಹು ಕೂಡ ಸಿಗುವುದು ಅಪರೂಪ. ಕಾರಣವೇನು?

ಮೊದಲನೆಯ ಕಾರಣ ಹೆಂಡದ ಗುಣದಲ್ಲೇ ಇದೆ. ನಮ್ಮ ಬಯಲುಸೀಮೆಯಲ್ಲಿ ಹೆಂಡ ಇಳಿಸುತ್ತಿದ್ದದ್ದು ಮುಖ್ಯವಾಗಿ ಈಚಲು ಮರದಿಂದ. ಮರದ ನೆತ್ತಿಯ ಬಳಿ ಕೆತ್ತಿ ಮಡಕೆ ಕಟ್ಟಿದರೆ ರಾತ್ರಿಯೆಲ್ಲ ರಸ ತೊಟ್ಟಿಕ್ಕುತ್ತದೆ. ಮಡಕೆಗೆ ಸುಣ್ಣ ಬಳಿದಿದ್ದರೆ ರಸ ಹುದುಗದೆ ಸಿಹಿಯಾದ ನೀರಾ ಆಗಿಯೇ ಉಳಿಯುತ್ತದೆ. ಸುಣ್ಣವಿಲ್ಲದಿದ್ದರೆ ಕೆಲವೇ ಗಂಟೆಗಳಲ್ಲಿ ಹುದುಗಿ ಹೆಂಡವಾಗುತ್ತದೆ, ಮರುದಿನಕ್ಕೆ ಹುಳಿಯಾಗುತ್ತದೆ. ಹೀಗಾಗಿ ಅದನ್ನು ಕೂಡಿಡುವಂತಿರಲಿಲ್ಲ, ದೂರ ಸಾಗಿಸುವಂತೆಯೂ ಇರಲಿಲ್ಲ. ಆ ದಿನದ್ದು ಆ ದಿನವೇ, ಈಚಲುವನಕ್ಕೆ ಸಮೀಪದಲ್ಲೇ ಮಾರಾಟವಾಗಬೇಕಿತ್ತು. ಇಂಥ ವ್ಯಾಪಾರಕ್ಕೆ ನೆಲಮಾಳಿಗೆ, ಉಗ್ರಾಣ ಬೇಕಿಲ್ಲ. ನೆರಳಿಗೆ ಒಂದು ಸೂರು, ಸಾಲಾಗಿ ಇಡಲು ಕೆಲವು ಮಡಕೆಗಳಿದ್ದರೆ ಸಾಕು.

ಎರಡನೆಯ ಕಾರಣ ಸರ್ಕಾರದ ಪದ್ಧತಿ. ಹೆಂಡ ಮಾರುವ ಹಕ್ಕನ್ನು ಅಬಕಾರಿ ಇಲಾಖೆ ಹರಾಜು ಹಾಕುತ್ತಿತ್ತು. ಗುತ್ತಿಗೆಯ ಅವಧಿ ಮುಗಿದ ಮೇಲೆ ಹಕ್ಕು ಬೇರೊಬ್ಬನ ಪಾಲಾಗಬಹುದಿತ್ತು. ಹಾಗಿರುವಾಗ ಕಲ್ಲುಗೋಡೆ ಕಟ್ಟುವವರು ಯಾರು?

ಇದಕ್ಕೆ ಹೋಲಿಸಿ ಬಿಯರನ್ನು ನೋಡಿ. ಬಿಯರ್ ತಯಾರಿಕೆಗೆ ಬಾರ್ಲಿ, ದೊಡ್ಡ ತೊಟ್ಟಿಗಳು, ತಂಪಾದ ಉಗ್ರಾಣ, ಬಂಡವಾಳ ಎಲ್ಲವೂ ಬೇಕು. 1915ರಲ್ಲಿ ಥಾಮಸ್ ಲೀಶ್‌ಮನ್ ಎಂಬಾತ ದಕ್ಷಿಣ ಭಾರತದ ಕೆಲವು ಬಿಯರ್ ಕಾರ್ಖಾನೆಗಳನ್ನು ಕೂಡಿಸಿ ಯುನೈಟೆಡ್ ಬ್ರೂವರೀಸ್ ಕಂಪನಿಯನ್ನು ಸ್ಥಾಪಿಸಿದ. ಬೆಂಗಳೂರಿನ ಹಳೆಯ ಬ್ರೂವರಿ ಇದ್ದ ಜಾಗದಲ್ಲಿ ಇಂದು ಯು.ಬಿ. ಸಿಟಿ ನಿಂತಿದೆ. ಆ ಕಾರ್ಖಾನೆಯೂ ಮರೆಯಾಯಿತು ನಿಜ. ಆದರೆ ಕಂಪನಿಯ ಹೆಸರು ಆ ಜಾಗಕ್ಕೇ ಅಂಟಿಕೊಂಡಿತು. ಪಡಖಾನೆಗೆ ಅಂಥ ಭಾಗ್ಯ ಸಿಗಲಿಲ್ಲ.

ಪಡಖಾನೆ ಮರೆಯಾದದ್ದರಲ್ಲಿ ರಾಷ್ಟ್ರೀಯ ಚಳವಳಿಯ ಪಾತ್ರವೂ ದೊಡ್ಡದು. 1921ರ ಅಸಹಕಾರ ಚಳವಳಿಯ ಕಾಲದಲ್ಲಿ ದೇಶದ ಹಲವೆಡೆ ಹೆಂಡದಂಗಡಿಗಳ ಮುಂದೆ ಪಿಕೆಟಿಂಗ್ ನಡೆಯಿತು. 1939ರಲ್ಲಿ ಚಿತ್ರದುರ್ಗದ ಬಳಿಯ ತುರುವನೂರಿನಲ್ಲಿ ಸತ್ಯಾಗ್ರಹಿಗಳು ಈಚಲು ಮರಗಳನ್ನು ಕಡಿದರು. ಮುಂದೆ ಮುಖ್ಯಮಂತ್ರಿಗಳಾದ ಎಸ್. ನಿಜಲಿಂಗಪ್ಪನವರು ಆ ಹೋರಾಟದಲ್ಲಿ ಸೆರೆಮನೆ ಸೇರಿದರು.

ಇಲ್ಲಿ ಒಂದು ಗಮನಾರ್ಹ ಸಂಗತಿಯಿದೆ. 1948ರ ಆಗಸ್ಟ್‌ನಲ್ಲಿ ಜಯನಗರ ಬಡಾವಣೆಗೆ ಶಂಕುಸ್ಥಾಪನೆ ಮಾಡಿದವರು ಆಗಿನ ಗವರ್ನರ್ ಜನರಲ್ ರಾಜಾಜಿ. ಇದೇ ರಾಜಾಜಿಯವರು ಮದರಾಸು ಪ್ರಾಂತದ ಪ್ರಧಾನಿಯಾಗಿದ್ದಾಗ 1937ರಲ್ಲಿ ಸೇಲಂ ಜಿಲ್ಲೆಯಲ್ಲಿ ಪಾನನಿರೋಧ ತಂದಿದ್ದರು. ಕಳೆದುಹೋದ ಅಬಕಾರಿ ವರಮಾನವನ್ನು ತುಂಬಿಕೊಳ್ಳಲು 1939ರಲ್ಲಿ ಮಾರಾಟ ತೆರಿಗೆ ವಿಧಿಸಿದ್ದರು. ಜಯನಗರ ಹುಟ್ಟಿದ ಆ 1948ರಲ್ಲೇ ಮೈಸೂರಿನಲ್ಲೂ ಪಾನನಿರೋಧ ಕಾಯಿದೆ ಬಂದು, ಹಂತಹಂತವಾಗಿ ಜಾರಿಗೊಂಡಿತು. 1967ರಲ್ಲಿ ಪಾನನಿರೋಧ ತೆರವಾಯಿತು. ಆದರೆ ಅಷ್ಟರಲ್ಲಿ ನಗರ ಬೆಳೆಯುತ್ತಿತ್ತು, ಹೊಲಗಳು ನಿವೇಶನಗಳಾಗುತ್ತಿದ್ದವು. ಈಚಲುವನವಿಲ್ಲದ ಕಡೆ ಹೆಂಡ ಎಲ್ಲಿಂದ ಬರಬೇಕು? ಮುಂದೆ 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಮಾರಾಟವೂ ನಿಂತಿತು.

ಪಡಖಾನೆಯನ್ನು ಹೊಗಳಬೇಕೆಂದು ಇದನ್ನು ಹೇಳುತ್ತಿಲ್ಲ. ದಿನದ ಕೂಲಿ ಅಲ್ಲೇ ಕರಗಿಹೋಗಿ ಮನೆಯಲ್ಲಿ ಒಲೆ ಹೊತ್ತದ ರಾತ್ರಿಗಳನ್ನು ಎಷ್ಟೋ ತಾಯಂದಿರು ಕಂಡಿದ್ದಾರೆ. ಅದೇ ವೇಳೆಗೆ, ಮರ ಹತ್ತಿ ರಸ ಇಳಿಸಿ ಬದುಕುತ್ತಿದ್ದ ಕುಟುಂಬಗಳು ಕಸುಬನ್ನು ಕಳೆದುಕೊಂಡದ್ದೂ ಸತ್ಯ. ಚರಿತ್ರೆಯ ವಿದ್ಯಾರ್ಥಿಗೆ ಈ ಎರಡು ಮಾತುಗಳೂ ಕೇಳಿಸಬೇಕು. ಕಟ್ಟಡ ಹೋಯಿತೆಂದು ಅದರ ಕಥೆಯನ್ನೂ ಬಿಟ್ಟರೆ ಇಬ್ಬರ ಬದುಕೂ ಮರೆವಿಗೆ ಸೇರುತ್ತದೆ.

ಹಾಗಾದರೆ ಹುಡುಕುವುದೆಲ್ಲಿ? ಹಳೆಯ ಮೈಸೂರು ಗೆಜೆಟ್‌ಗಳನ್ನು, ರಾಜ್ಯ ಪತ್ರಾಗಾರದಲ್ಲಿರುವ ಅಬಕಾರಿ ಕಡತಗಳನ್ನು ನೋಡಬಹುದು. ಗ್ರಾಮನಕ್ಷೆಯಲ್ಲಿ ಈಚಲುವನದ ಗುರುತಿದೆಯೇ ಎಂದು ಪರೀಕ್ಷಿಸಬಹುದು. ಸಾಹಿತ್ಯವೂ ಒಂದು ಸಾಕ್ಷಿಯೇ. ಜಿ.ಪಿ. ರಾಜರತ್ನಂ ಅವರ ‘ರತ್ನನ ಪದಗಳು’ ಕುಡುಕನೊಬ್ಬನ ಆಡುಮಾತಿನಲ್ಲೇ ಇವೆ. ಪಡಖಾನೆಯ ಛಾಯಾಚಿತ್ರ ಸಿಗದಿದ್ದರೂ ಅಲ್ಲಿನ ದನಿ ಅವುಗಳಲ್ಲಿ ಕೇಳಿಸುತ್ತದೆ.

ಎಲ್ಲಕ್ಕಿಂತ ಮೊದಲು ನಿಮ್ಮ ಅಜ್ಜ, ಅಜ್ಜಿಯರನ್ನು ಕೇಳಿ. “ನಮ್ಮೂರಿನ ಪಡಖಾನೆ ಎಲ್ಲಿತ್ತು? ಯಾರು ಹೋಗುತ್ತಿದ್ದರು? ಯಾರು ಬೈಯುತ್ತಿದ್ದರು?” ಅವರು ಹೇಳಿದ್ದನ್ನು ದಿನಾಂಕ ಹಾಕಿ ಬರೆದಿಡಿ. ಬಳಿಕ ದಾಖಲೆಯೊಂದಿಗೆ ಹೋಲಿಸಿ ನೋಡಿ. ನೆನಪಿಟ್ಟುಕೊಂಡವರು ಇರುವಾಗಲೇ ಈ ಕೆಲಸ ಆಗಬೇಕು.