ಕಾಷ್ಠಮಂಡಪದ ನೆರಳಿನಲ್ಲಿ

ಪಶುಪತಿನಾಥನ ದರ್ಶನವನ್ನು ಮುಗಿಸಿಕೊಂಡು, ಮಕ್ಕಳನ್ನೂ ವೃದ್ಧೆಯಾದ ನಮ್ಮ ತಾಯಿಯವರನ್ನೂ ಕರೆದುಕೊಂಡು ಕಾಠ್ಮಂಡುವಿನ ಹಳೆಯ ಪೇಟೆಯ ಓಣಿಗಳಲ್ಲಿ ನಡೆಯುತ್ತಿದ್ದ ಆ ಮಧ್ಯಾಹ್ನ, ತಾಯಿಯವರು ಇದ್ದಕ್ಕಿದ್ದಂತೆ ನಿಂತು, ದಾರಿಯಂಚಿನ ಜಗಲಿಯೊಂದರ ಮೇಲೆ ಯಾರ ಅಪ್ಪಣೆಯನ್ನೂ ಕೇಳದೆ ಕುಳಿತುಬಿಟ್ಟರು. ಹಿಂದೆ ಇಟ್ಟಿಗೆಯ ಗೋಡೆ, ಮುಂದೆ ಕೆತ್ತನೆಯ ಮರದ ಕಂಬಗಳು, ಮೇಲೆ ಹೆಂಚಿನ ಇಳಿಮಾಡು, ಕೆಳಗೆ ಕುಳಿತೆದ್ದವರಿಂದ ಸವೆದು ನುಣುಪಾದ ಹಲಗೆಗಳು. ಅಲ್ಲಿ ಮೊದಲೇ ಕುಳಿತಿದ್ದ ಮುದುಕಿಯೊಬ್ಬಳು ಸರಿದು ಜಾಗ ಮಾಡಿಕೊಟ್ಟಳು.

“ಪರದೇಶ ಅಂದ್ಯಲ್ಲೋ, ಇದು ನಮ್ಮೂರ ಜಗಲಿ ಇದ್ದ ಹಾಗೇ ಇದೆ” ಎಂದರು ತಾಯಿ. ಪಶುಪತಿಯ ಗರ್ಭಗುಡಿಯಲ್ಲಿ ಪೂಜೆ ಮಾಡುವ ಭಟ್ಟರು ಕರ್ನಾಟಕದಿಂದ ಹೋದವರೆಂಬುದನ್ನು ತಿಳಿದಾಗಲೂ ಅವರು ಇಷ್ಟು ನಿರಾಳರಾಗಿರಲಿಲ್ಲ.

ಇಂತಹ ಜಗಲಿಗೆ ನೇಪಾಳಿಯಲ್ಲಿ ಪಾಟಿಯೆಂದೂ, ಕಣಿವೆಯ ಪ್ರಾಚೀನ ನಿವಾಸಿಗಳಾದ ನೇವಾರರ ನುಡಿಯಲ್ಲಿ ಫಲ್ಚಾ ಎಂದೂ ಹೆಸರು. ಮಹಡಿಯುಳ್ಳ ದೊಡ್ಡದಾದರೆ ಅದು ಸತ್ತಲ್. ಟಿಬೆಟ್ಟಿನ ಉಪ್ಪೂ ಉಣ್ಣೆಯೂ ಕೆಳಗಿಳಿದು, ಬಯಲುಸೀಮೆಯ ಸರಕು ಮೇಲೇರುತ್ತಿದ್ದ ವಣಿಕ್ಪಥಗಳು ಕೂಡುವೆಡೆಯಲ್ಲಿ ಎದ್ದು ನಿಂತ ಅಂತಹದೊಂದು ಸತ್ತಲೇ ಕಾಷ್ಠಮಂಡಪ. ಕಾಂತಿಪುರವೆಂಬ ರಾಜೋಚಿತ ನಾಮವನ್ನು ಹಿಂದೆ ಸರಿಸಿ, ಬಳಲಿದವರು ಮೈಚಾಚುತ್ತಿದ್ದ ಈ ಮರದ ತಂಗುಮನೆ ಒಂದು ರಾಜಧಾನಿಗೇ ತನ್ನ ಹೆಸರನ್ನಿತ್ತಿತೆಂಬುದು ನನಗೆ ಆ ನಗರದ ಅತಿಶಯಗಳಲ್ಲೆಲ್ಲ ಹಿರಿದಾಗಿ ತೋರುತ್ತದೆ. ಮತ್ಸ್ಯೇಂದ್ರನಾಥನ ರಥೋತ್ಸವವನ್ನು ನೋಡಲು ಮನುಷ್ಯರೂಪದಲ್ಲಿ ಬಂದಿದ್ದ ಕಲ್ಪವೃಕ್ಷವನ್ನು ಲೀಲಾವಜ್ರನೆಂಬ ತಾಂತ್ರಿಕನು ಗುರುತಿಸಿ ಕಟ್ಟಿಹಾಕಿದನೆಂದೂ, ಬಿಡುಗಡೆಗಾಗಿ ಅದು ಕೊಟ್ಟ ಒಂದೇ ಮರದಿಂದ ಇಡೀ ಮಂಡಪವಾಯಿತೆಂದೂ ಐತಿಹ್ಯ. ನಡುವೆ ಗೋರಖನಾಥ, ನಾಲ್ಕು ಮೂಲೆಗಳಲ್ಲಿ ನಾಲ್ವರು ಗಣಪತಿಗಳು. ದೇವರೂ ದಾರಿಹೋಕನೂ ಒಂದೇ ಮಾಡಿನ ಕೆಳಗೆ.

ಕಟ್ಟಿಸುವುದು ಒಮ್ಮೆಯ ಉತ್ಸಾಹ. ಕಾಪಾಡುವುದು ತಲೆಮಾರುಗಳ ವ್ರತ. ಈ ವ್ರತಕ್ಕಾಗಿ ನೇವಾರರು ಕಂಡುಕೊಂಡ ವ್ಯವಸ್ಥೆಯೇ ಗುಠಿ. ಹಿಂದೆ ಕಣಿವೆಯನ್ನಾಳಿದ ಲಿಚ್ಛವಿ ಅರಸರ ಕಾಲದ ಶಾಸನಗಳಲ್ಲಿ ಬರುವ ‘ಗೋಷ್ಠೀ’ ಎಂಬ ಸಂಸ್ಕೃತ ಪದವೇ ನಾಲಗೆಯಲ್ಲಿ ಸವೆದು ಗುಠಿಯಾಗಿದೆ. ಗತಿಸಿದ ತಂದೆಯ ಪುಣ್ಯಾರ್ಥವಾಗಿ ಒಬ್ಬನು ಪಾಟಿಯನ್ನು ಕಟ್ಟಿಸಿ, ಅದರ ಹೆಸರಿನಲ್ಲಿ ಒಂದಷ್ಟು ಗದ್ದೆಯನ್ನು ಬಿಟ್ಟನೆಂದರೆ, ಗುಠಿಯವರು ಆ ಭೂಮಿಯ ಹುಟ್ಟುವಳಿಯಿಂದ ಹೆಂಚು ತಿರುವಿಸಿ, ಮಾಡಿನ ಮೇಲೆ ಬೆಳೆದ ಹುಲ್ಲನ್ನು ಕೀಳಿಸಿ, ದೀಪಕ್ಕೆ ಎಣ್ಣೆಯನ್ನೊದಗಿಸಿ, ವರ್ಷಕ್ಕೊಮ್ಮೆ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಿದ್ದರು. ನಮ್ಮ ಅರವಟ್ಟಿಗೆಗಳಿಗೂ ಛತ್ರಗಳಿಗೂ ದತ್ತಿಯಾದ ಮಾನ್ಯಭೂಮಿಗಳ ಹಿಂದೆ ಇದ್ದುದು ಇದೇ ಧರ್ಮಬುದ್ಧಿಯಲ್ಲವೆ? 1964ರಲ್ಲಿ ಗುಠಿ ಸಂಸ್ಥಾನವೆಂಬ ಸರ್ಕಾರಿ ನಿಗಮ ಸ್ಥಾಪಿತವಾಗಿ ಗುಠಿಭೂಮಿಗಳಲ್ಲಿ ಬಹುಪಾಲು ಅದರ ಕೈಸೇರಿದ ಮೇಲೆ, ಹುಟ್ಟುವಳಿಗೂ ಹೆಂಚಿಗೂ ಇದ್ದ ನಂಟು ಸಡಿಲಿತು. ಎಷ್ಟೋ ಪಾಟಿಗಳು ಕುಸಿದುವು, ಎಷ್ಟೋ ಅಂಗಡಿಗಳಾದುವು.

2015ರ ಏಪ್ರಿಲ್ 25ರ ಭೂಕಂಪದಲ್ಲಿ ಕಾಷ್ಠಮಂಡಪವೂ ನೆಲಕ್ಕುರುಳಿತು. ಆ ಹೊತ್ತಿನಲ್ಲಿ ಅದರೊಳಗೆ ರಕ್ತದಾನ ನಡೆಯುತ್ತಿತ್ತು. ಪರರ ಜೀವಕ್ಕಾಗಿ ಬಂದವರು ಅಲ್ಲಿಯೇ ಮಡಿದರು. ಅನಂತರ ಅಗೆದು ನೋಡಿದ ಪ್ರಾಕ್ತನಶಾಸ್ತ್ರಜ್ಞರಿಗೆ, ಹನ್ನೆರಡನೆಯ ಶತಮಾನದ್ದೆಂದು ಎಣಿಸಲಾಗಿದ್ದ ಮಂಡಪದ ತಳಪಾಯ ಏಳನೆಯ ಶತಮಾನದಷ್ಟು ಹಳೆಯದೆಂದೂ, ಕಂಪನದ ಬಳಿಕವೂ ಅದು ದೃಢವಾಗಿಯೇ ಇದ್ದಿತೆಂದೂ ತಿಳಿದುಬಂದಿತು. ದೋಷವಿದ್ದುದು ಮೇಲೆ: ಭಾರವನ್ನೆಲ್ಲ ಹೊತ್ತ ನಾಲ್ಕು ಮಹಾಸ್ತಂಭಗಳಲ್ಲೊಂದು ತನ್ನ ಪೀಠದ ಕಲ್ಲಿನೊಡನೆ ಕೂಡಿಕೊಂಡೇ ಇರಲಿಲ್ಲ. ಈಚಿನ ಕಾಲದ ಜೀರ್ಣೋದ್ಧಾರದಲ್ಲಿ ಹೊಸದಾಗಿ ಹಾಸಿದ ನೆಲ ಆ ಕುಂದನ್ನು ಮುಚ್ಚಿಬಿಟ್ಟಿತ್ತು. ಸಾವಿರದ ಮುನ್ನೂರು ವರ್ಷಗಳ ಹಿಂದಿನ ಕೈಗಳು ಮಾಡಿದ ಕೆಲಸ ನಿಂತಿತು. ನಮ್ಮ ಕಾಲದ ಅಲಕ್ಷ್ಯ ಬಿದ್ದಿತು. ಇದನ್ನು ಓದಿದಂದಿನಿಂದ ನನ್ನ ಮನಸ್ಸಿಗೆ ಸಮಾಧಾನವಿಲ್ಲ. ಆದರೆ ಆ ಪೇಟೆಯ ಜನರು ತಾವೇ ಹೊಣೆಹೊತ್ತು, ಮರ ಇಟ್ಟಿಗೆ ಮಣ್ಣುಗಳಿಂದ, ಹಳೆಯ ಕ್ರಮದಲ್ಲಿಯೇ ಮಂಡಪವನ್ನು ಮರಳಿ ಎತ್ತಿ ನಿಲ್ಲಿಸಿದರು.

ಸಂಜೆ ನಾವೂ ಅದರ ಮೆಟ್ಟಿಲೇರಿದೆವು. ತಾಯಿಯವರು ನಾಲ್ಕು ಗಣಪತಿಗಳಿಗೂ ಕೈಮುಗಿದು ಕಂಬವೊಂದಕ್ಕೆ ಒರಗಿ ಕಣ್ಣುಮುಚ್ಚಿದರು. ಮಕ್ಕಳು ಕಿತ್ತಳೆಹಣ್ಣನ್ನು ಸುಲಿದು ತಿಂದರು. ಹೊರಡುವಾಗ ನೋಡುತ್ತೇನೆ, ತಾಯಿಯವರು ಬಾಗಿ ಸಿಪ್ಪೆಗಳನ್ನೆಲ್ಲ ಆಯ್ದುಕೊಂಡು, ತಾವು ಕುಳಿತಿದ್ದ ಜಾಗವನ್ನು ಸೆರಗಿನಿಂದ ಒರಸುತ್ತಿದ್ದರು.