ಬಾಣಸವಾಡಿಯ ನಗರೀಕರಣ

ಬಾಣಸವಾಡಿಯು ಕರ್ನಾಟಕದ ರಾಜಧಾನಿ ಬೆಂಗಳೂರಿನ ಈಶಾನ್ಯ ಭಾಗದಲ್ಲಿರುವ ಒಂದು ವಸತಿ ಪ್ರದೇಶ. ಕಂದಾಯ ದಾಖಲೆಗಳಲ್ಲಿ ಇದು ಕೃಷ್ಣರಾಜಪುರ ಹೋಬಳಿಗೆ ಸೇರಿದ ಗ್ರಾಮ. ಬೆಂಗಳೂರು ದಂಡು ಪ್ರದೇಶದ ಅಂಚಿನಾಚೆ ಇದ್ದ ಈ ಕೃಷಿ ಗ್ರಾಮವು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕ್ರಮೇಣ ನಗರದ ಭಾಗವಾಯಿತು. ಇಂದು ಇದರ ಸುತ್ತಲೂ ಕಮ್ಮನಹಳ್ಳಿ, ಕಲ್ಯಾಣನಗರ, ಹೊರಮಾವು, ರಾಮಮೂರ್ತಿನಗರ, ಕಸ್ತೂರಿನಗರ ಮತ್ತು ಮಾರುತಿ ಸೇವಾನಗರಗಳಿವೆ. ಅಂಚೆ ಸೂಚ್ಯಂಕ 560043.

ನಗರವು ಹಿಗ್ಗುತ್ತ ಹೋದಂತೆ ಅದರ ಅಂಚಿನ ಹಳ್ಳಿಗಳು ಉಪನಗರಗಳಾಗುವ ಪ್ರಕ್ರಿಯೆಗೆ ಬಾಣಸವಾಡಿ ಒಂದು ಸ್ಪಷ್ಟ ನಿದರ್ಶನ. ಯುರೋಪ್ ಮತ್ತು ಅಮೆರಿಕದ ಅನೇಕ ಉಪನಗರಗಳು ನಗರದ ನಿವಾಸಿಗಳು ರೈಲು ಅಥವಾ ಕಾರಿನ ಅನುಕೂಲದಿಂದ ಹೊರವಲಯಕ್ಕೆ ತೆರಳಿದ್ದರಿಂದ ರೂಪುಗೊಂಡವು. ಬೆಂಗಳೂರಿನಲ್ಲಿ ಹಳ್ಳಿಯು ತನ್ನ ಸ್ಥಳದಲ್ಲಿಯೇ ಉಳಿದು, ಅದರ ಹೊಲ, ಕೆರೆ ಮತ್ತು ತೋಪುಗಳ ಮೇಲೆ ನಗರವು ಬೆಳೆದುಬಂದಿತು. ಇದರ ಫಲವಾಗಿ ಹಳೆಯ ಗ್ರಾಮಠಾಣಾ, ಸರ್ಕಾರಿ ಬಡಾವಣೆ ಹಾಗೂ ಖಾಸಗಿ ಕಂದಾಯ ಬಡಾವಣೆ ಎಂಬ ಮೂರು ಬಗೆಯ ನೆಲಗಳು ಇಲ್ಲಿ ಒಂದರ ಪಕ್ಕದಲ್ಲೊಂದು ಇವೆ. ಮನೆಯೊಂದು ಇವುಗಳಲ್ಲಿ ಯಾವ ನೆಲದ ಮೇಲೆ ನಿಂತಿದೆ ಎಂಬುದೇ ಅದರ ರಸ್ತೆಯ ಅಗಲ, ಕುಡಿಯುವ ನೀರು, ಚರಂಡಿ ಮತ್ತು ದಾಖಲೆಗಳ ಸ್ಥಿತಿಯನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ.

ಹೆಸರು

'ಬಾಣಸ' ಎಂಬ ಹಳಗನ್ನಡ ಪದಕ್ಕೆ ಅಡುಗೆ ಎಂಬ ಅರ್ಥವಿದ್ದು, ಅಡುಗೆಯವನನ್ನು 'ಬಾಣಸಿಗ' ಎನ್ನುತ್ತಾರೆ. ಊರಿನ ಹೆಸರಿನ ಪೂರ್ವಪದವು ಇದನ್ನು ಹೋಲುತ್ತದೆ. 'ವಾಡಿ' ಎಂಬುದು ನೆಲೆ ಅಥವಾ ಊರನ್ನು ಸೂಚಿಸುವ ಪದ. ಆಡುಮಾತಿನಲ್ಲಿ ಮತ್ತು ಫಲಕಗಳಲ್ಲಿ 'ಬಾಣಸ್ವಾಡಿ', 'ಬಾನಸವಾಡಿ' ಎಂಬ ರೂಪಗಳೂ ಬಳಕೆಯಲ್ಲಿವೆ.

ಹಿನ್ನೆಲೆ

1809ರಲ್ಲಿ ಬ್ರಿಟಿಷರು ಬೆಂಗಳೂರಿನಲ್ಲಿ ದಂಡು ಪ್ರದೇಶವನ್ನು ಸ್ಥಾಪಿಸಿದರು. ಅಂದಿನಿಂದ ಪೇಟೆ ಮತ್ತು ದಂಡು ಎಂಬ ಎರಡು ಕೇಂದ್ರಗಳು ಪ್ರತ್ಯೇಕ ಆಡಳಿತದಡಿಯಲ್ಲಿ ಬೆಳೆದವು. 1864ರಲ್ಲಿ ಜೋಲಾರ್‌ಪೇಟೆ ಕಡೆಯಿಂದ ರೈಲು ಮಾರ್ಗವು ದಂಡು ನಿಲ್ದಾಣಕ್ಕೆ ಬಂದಿತು. 1898ರ ಪ್ಲೇಗ್ ಹಾವಳಿಯು ಕಿಕ್ಕಿರಿದ ವಸತಿಗಳ ಅಪಾಯವನ್ನು ತೋರಿಸಿಕೊಟ್ಟ ಬಳಿಕ, ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ದಂಡಿನ ಈಶಾನ್ಯಕ್ಕೆ ಫ್ರೇಜರ್ ಟೌನ್ ಹಾಗೂ ಅದರ ಆಸುಪಾಸಿನಲ್ಲಿ ಕುಕ್ ಟೌನ್, ಕಾಕ್ಸ್ ಟೌನ್, ರಿಚರ್ಡ್ಸ್ ಟೌನ್‌ಗಳು ತಲೆಯೆತ್ತಿದವು. ನೇರವಾದ ಬೀದಿಗಳು, ಗಾಳಿ ಬೆಳಕಿಗೆ ಅವಕಾಶವಿರುವ ನಿವೇಶನಗಳು ಇವುಗಳ ಲಕ್ಷಣ. ಬಾಣಸವಾಡಿಯು ಈ ಬಡಾವಣೆಗಳಿಂದಾಚೆಗೆ, ಹಳ್ಳಿಯಾಗಿಯೇ ಉಳಿಯಿತು.

ಬೆಂಗಳೂರಿನ ಪೂರ್ವದ ಹಳ್ಳಿಗಳಲ್ಲಿ ಮಳೆಯಾಶ್ರಿತ ಹೊಲಗಳಲ್ಲಿ ರಾಗಿಯನ್ನೂ ಕೆರೆಯ ಅಚ್ಚುಕಟ್ಟಿನಲ್ಲಿ ಭತ್ತ ಹಾಗೂ ತರಕಾರಿಗಳನ್ನೂ ಬೆಳೆಯುವುದು ರೂಢಿಯಾಗಿತ್ತು. ದಂಡಿನ ಜನಸಂಖ್ಯೆಯು ಸುತ್ತಲಿನ ಹಳ್ಳಿಗಳ ತರಕಾರಿ, ಹಾಲು ಮತ್ತು ಹೂವಿಗೆ ಮಾರುಕಟ್ಟೆಯನ್ನು ಒದಗಿಸಿತು. 1927ರಲ್ಲಿ ನಿರ್ಮಾಣವಾದ ಶಿವಾಜಿನಗರದ ರಸೆಲ್ ಮಾರುಕಟ್ಟೆ ಈ ವ್ಯಾಪಾರದ ಮುಖ್ಯ ಕೇಂದ್ರಗಳಲ್ಲಿ ಒಂದು. ಹೀಗೆ ಬಡಾವಣೆಗಳು ಬರುವ ಮೊದಲೇ ಈ ಹಳ್ಳಿಗಳ ಆರ್ಥಿಕತೆಯು ನಗರಕ್ಕೆ ಜೋಡಿಸಿಕೊಂಡಿತ್ತು.

ಕೈಗಾರಿಕೆ ಮತ್ತು ಜನಸಂಖ್ಯೆ

ಪೂರ್ವ ಬೆಂಗಳೂರಿನ ಬೆಳವಣಿಗೆಗೆ ಸಾರ್ವಜನಿಕ ಉದ್ದಿಮೆಗಳು ದೊಡ್ಡ ಪ್ರೇರಣೆ ನೀಡಿದವು. 1940ರಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಸಂಸ್ಥೆಯೂ 1948ರಲ್ಲಿ ದೂರವಾಣಿನಗರದಲ್ಲಿ ಐಟಿಐ ಕಾರ್ಖಾನೆಯೂ ಸ್ಥಾಪನೆಗೊಂಡವು. ಬೈಯಪ್ಪನಹಳ್ಳಿಯಲ್ಲಿ ಎನ್‌ಜಿಇಎಫ್ ವಿದ್ಯುತ್ ಉಪಕರಣಗಳ ಕಾರ್ಖಾನೆಯಿತ್ತು. ಈ ಕಾರ್ಖಾನೆಗಳ ನೌಕರರಿಗೆ ಹಳೆ ಮದ್ರಾಸ್ ರಸ್ತೆಯ ಎರಡೂ ಬದಿಗಳಲ್ಲಿ ವಸತಿಯ ಅಗತ್ಯವಿತ್ತು.

1951ರ ಜನಗಣತಿಯಲ್ಲಿ ಎಂಟು ಲಕ್ಷಕ್ಕೆ ಸಮೀಪದಲ್ಲಿದ್ದ ಬೆಂಗಳೂರಿನ ಜನಸಂಖ್ಯೆಯು 1981ರಲ್ಲಿ ಸುಮಾರು 29 ಲಕ್ಷಕ್ಕೂ 2011ರಲ್ಲಿ ಸುಮಾರು 84 ಲಕ್ಷಕ್ಕೂ ಏರಿತು. ಇದರಲ್ಲಿ ನಗರದ ಗಡಿಯ ವಿಸ್ತರಣೆಯ ಪಾಲೂ ಇದೆ. ಹೊರಗಿನಿಂದ ಬಂದವರ ಜೊತೆಗೆ ಸುತ್ತಲಿನ ಹಳ್ಳಿಗಳ ನಿವಾಸಿಗಳೂ ತಾವಿದ್ದಲ್ಲಿಯೇ ನಗರವಾಸಿಗಳೆಂದು ಎಣಿಕೆಯಾದರು.

ಸರ್ಕಾರಿ ಬಡಾವಣೆಗಳು

ನಗರದ ಯೋಜಿತ ವಿಸ್ತರಣೆಗಾಗಿ 1945ರಲ್ಲಿ, ಸಿಐಟಿಬಿ ಎಂದು ಹೆಸರಾದ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿಯು ರಚನೆಯಾಯಿತು. 1976ರಲ್ಲಿ ಅದರ ಸ್ಥಾನದಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಅಸ್ತಿತ್ವಕ್ಕೆ ಬಂದಿತು. ಪ್ರಾಧಿಕಾರವು ರೈತರ ಜಮೀನನ್ನು ಸ್ವಾಧೀನಪಡಿಸಿಕೊಂಡು, ರಸ್ತೆ, ಚರಂಡಿ ಮತ್ತು ಉದ್ಯಾನಗಳಿಗೆ ಜಾಗ ಬಿಟ್ಟು, ಉಳಿದುದನ್ನು ನಿವೇಶನಗಳಾಗಿ ಹಂಚುತ್ತದೆ. ಪ್ರಾಧಿಕಾರದ ಕಾಯ್ದೆಯ 17ನೆಯ ವಿಧಿಯಡಿ ಪ್ರಾಥಮಿಕ ಅಧಿಸೂಚನೆಯೂ 19ನೆಯ ವಿಧಿಯಡಿ ಅಂತಿಮ ಅಧಿಸೂಚನೆಯೂ ಹೊರಡುತ್ತವೆ.

ಬಾಣಸವಾಡಿಯ ಸುತ್ತಲಿನ ಸರ್ಕಾರಿ ಬಡಾವಣೆಗಳ ಹೆಸರುಗಳು ಗಮನಾರ್ಹವಾಗಿವೆ. ಎಚ್‌ಆರ್‌ಬಿಆರ್ ಬಡಾವಣೆಯು ಹೆಣ್ಣೂರು ರಸ್ತೆ ಮತ್ತು ಬಾಣಸವಾಡಿ ರಸ್ತೆಗಳ ನಡುವಿನದು. ಒಎಂಬಿಆರ್ ಬಡಾವಣೆಯು ಹಳೆ ಮದ್ರಾಸ್ ರಸ್ತೆ ಮತ್ತು ಬಾಣಸವಾಡಿ ರಸ್ತೆಗಳ ನಡುವಿನದು. ಎಚ್‌ಬಿಆರ್ ಬಡಾವಣೆಯು ಹೆಣ್ಣೂರು ಮತ್ತು ಬಳ್ಳಾರಿ ರಸ್ತೆಗಳಿಂದ ಹೆಸರು ಪಡೆದದ್ದು. ಕಸ್ತೂರಿನಗರವು ಪ್ರಾಧಿಕಾರದ ಕಡತಗಳಲ್ಲಿ 'ಎನ್‌ಜಿಇಎಫ್ ಪೂರ್ವ ಬಡಾವಣೆ' ಎನಿಸಿಕೊಂಡಿದೆ. ಯಾರ ಹೊಲದ ಮೇಲೆ ಬಡಾವಣೆ ನಿಂತಿತೋ ಆ ಹಳ್ಳಿಯ ಹೆಸರಿನ ಬದಲು, ಯಾವ ರಸ್ತೆಗಳ ನಡುವೆ ಅದು ಇದೆಯೋ ಆ ರಸ್ತೆಗಳ ಹೆಸರಿನ ಮೊದಲಕ್ಷರಗಳು ಇಲ್ಲಿ ಬಳಕೆಗೆ ಬಂದವು. ನಗರದ ದಕ್ಷಿಣದಲ್ಲಿ ಹೊಸೂರು ಮತ್ತು ಸರ್ಜಾಪುರ ರಸ್ತೆಗಳ ನಡುವಿನ ಎಚ್‌ಎಸ್‌ಆರ್ ಬಡಾವಣೆಯೂ ಇದೇ ಮಾದರಿಯದು.

ಗ್ರಾಮಠಾಣಾ

ಭೂಸ್ವಾಧೀನದ ಸಂದರ್ಭದಲ್ಲಿ ಸಾಮಾನ್ಯವಾಗಿ ಹಳ್ಳಿಯ ಮನೆಗಳಿರುವ ಗ್ರಾಮಠಾಣಾ ಪ್ರದೇಶವನ್ನು ಕೈಬಿಟ್ಟು, ಸುತ್ತಲಿನ ಸಾಗುವಳಿ ಜಮೀನನ್ನು ಮಾತ್ರ ಪಡೆಯಲಾಗುತ್ತಿತ್ತು. ಇದರಿಂದ ನೇರ ರಸ್ತೆಗಳ ಬಡಾವಣೆಗಳ ನಡುವೆ ಕಿರಿದಾದ ತಿರುವು ಬೀದಿಗಳ ಹಳೆಯ ಊರು ದ್ವೀಪದಂತೆ ಉಳಿಯಿತು. ಕಮ್ಮನಹಳ್ಳಿ, ಕಾಚರಕನಹಳ್ಳಿ ಮತ್ತು ಚಳ್ಳಕೆರೆಗಳೂ ಹೀಗೆ ಬಡಾವಣೆಗಳ ನಡುವೆ ಸೇರಿಹೋದ ಊರುಗಳು. ಬಾಣಸವಾಡಿಯ ಆಂಜನೇಯಸ್ವಾಮಿ ದೇವಾಲಯವು ಹಳೆಯ ಊರಿನ ನಿವಾಸಿಗಳ ಜೊತೆಗೆ ಹೊಸ ಬಡಾವಣೆಗಳ ಭಕ್ತರನ್ನೂ ಸೆಳೆಯುತ್ತದೆ.

ಬೇಸಾಯದ ಭೂಮಿಯನ್ನು ಕಳೆದುಕೊಂಡ ಕುಟುಂಬಗಳಿಗೆ ಊರೊಳಗಿನ ಮನೆಯೇ ಉಳಿದ ಮುಖ್ಯ ಆಸ್ತಿಯಾಯಿತು. ನಗರದಂಚಿನ ಇಂತಹ ಗ್ರಾಮಠಾಣಾಗಳಲ್ಲಿ ಹಳೆಯ ಮನೆಗಳ ಜಾಗದಲ್ಲಿ ಬಹುಮಹಡಿಯ ಬಾಡಿಗೆ ಕಟ್ಟಡಗಳು ಎದ್ದವು. ಹೊಲದ ಉತ್ಪನ್ನದ ಸ್ಥಾನವನ್ನು ಬಾಡಿಗೆ ಆಕ್ರಮಿಸಿತು. ದುಬಾರಿ ನಿವೇಶನ ಕೊಳ್ಳಲಾಗದ ಕಾರ್ಮಿಕರಿಗೆ ಮತ್ತು ಸಣ್ಣ ನೌಕರರಿಗೆ ಕೈಗೆಟಕುವ ವಸತಿ ದೊರೆತದ್ದೂ ಹೆಚ್ಚಾಗಿ ಇಲ್ಲಿಯೇ.

ಕಂದಾಯ ಬಡಾವಣೆಗಳು ಮತ್ತು ಖಾತೆ

ಪ್ರಾಧಿಕಾರದ ನಿವೇಶನಗಳು ಬೇಡಿಕೆಗೆ ಸಾಲದೆ ಹೋದಾಗ, ಕೃಷಿ ಜಮೀನನ್ನು ಯೋಜನಾ ಪ್ರಾಧಿಕಾರದ ಅನುಮೋದನೆಯಿಲ್ಲದೆ ನಿವೇಶನಗಳಾಗಿ ವಿಂಗಡಿಸಿ ಮಾರುವ ಪದ್ಧತಿ ಬೆಂಗಳೂರಿನ ಸುತ್ತ ವ್ಯಾಪಕವಾಯಿತು. ಇವನ್ನು ಜನರು 'ರೆವಿನ್ಯೂ ಸೈಟು' ಎನ್ನುತ್ತಾರೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೆಯ ವಿಧಿಯು ಕೃಷಿ ಭೂಮಿಯನ್ನು ಬೇರೆ ಉದ್ದೇಶಕ್ಕೆ ಬಳಸಲು ಅನುಮತಿಯನ್ನು ಕಡ್ಡಾಯಗೊಳಿಸುತ್ತದೆ. ಬಡಾವಣೆಯ ನಕ್ಷೆಗೆ ಪ್ರತ್ಯೇಕ ಅನುಮೋದನೆಯೂ ಬೇಕು. ಅಗ್ಗದ ದರಕ್ಕೆ ಇಂತಹ ನಿವೇಶನ ಕೊಂಡವರಲ್ಲಿ ಬಹುಪಾಲು ಮಧ್ಯಮ ಮತ್ತು ಕೆಳಮಧ್ಯಮ ವರ್ಗದವರು.

ಇದರ ಪರಿಣಾಮವು ಖಾತೆಯಲ್ಲಿ ಕಾಣುತ್ತದೆ. ಖಾತೆ ಎಂಬುದು ತೆರಿಗೆ ಸಂಗ್ರಹಕ್ಕಾಗಿ ಪಾಲಿಕೆ ಇಟ್ಟುಕೊಳ್ಳುವ ಆಸ್ತಿ ದಾಖಲೆಯೇ ಹೊರತು ಮಾಲೀಕತ್ವದ ಪತ್ರವಲ್ಲ. ನಿಯಮಬದ್ಧ ಆಸ್ತಿಗಳು 'ಎ' ವಹಿಯಲ್ಲಿಯೂ ಅನುಮೋದನೆಯ ಕೊರತೆಯುಳ್ಳವು 'ಬಿ' ವಹಿಯಲ್ಲಿಯೂ ದಾಖಲಾದವು. 'ಬಿ' ಖಾತೆದಾರರು ತೆರಿಗೆ ಕಟ್ಟುತ್ತಿದ್ದರೂ ಕಟ್ಟಡ ನಕ್ಷೆಯ ಮಂಜೂರಾತಿ ಮತ್ತು ಬ್ಯಾಂಕ್ ಸಾಲ ಪಡೆಯುವಲ್ಲಿ ಅಡಚಣೆ ಎದುರಿಸಬೇಕಾಯಿತು. ಕಟ್ಟಡ ಉಲ್ಲಂಘನೆಗಳನ್ನು ದಂಡ ವಿಧಿಸಿ ಸಕ್ರಮಗೊಳಿಸುವ 'ಅಕ್ರಮ-ಸಕ್ರಮ' ಯೋಜನೆಗೆ 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ತಡೆ ನೀಡಿತು. 2025ರಲ್ಲಿ ರಾಜ್ಯ ಸರ್ಕಾರವು 'ಬಿ' ಖಾತೆಗಳನ್ನು 'ಎ' ಖಾತೆಗಳಾಗಿ ಪರಿವರ್ತಿಸುವ ಕ್ರಮವನ್ನು ಕೈಗೊಂಡಿತು.

ಕೆರೆಗಳು ಮತ್ತು ನೀರು

ಬೆಂಗಳೂರು ಎತ್ತರದ ದಿಣ್ಣೆಯ ಮೇಲಿದ್ದು, ಇಲ್ಲಿ ವರ್ಷವಿಡೀ ಹರಿಯುವ ದೊಡ್ಡ ನದಿಯಿಲ್ಲ. ಮಳೆನೀರನ್ನು ಒಂದರಿಂದೊಂದಕ್ಕೆ ಹರಿಸುವ ಕೆರೆಗಳ ಸರಪಣಿಯೇ ಹಳ್ಳಿಗಳ ಆಧಾರವಾಗಿತ್ತು. ನಾಗವಾರ, ಹೆಣ್ಣೂರು ಮತ್ತು ಕಲ್ಕೆರೆ ಕಡೆಯ ನೀರು ಹೆಬ್ಬಾಳ ಕಣಿವೆಯ ಮೂಲಕ ಎಲೆ ಮಲ್ಲಪ್ಪ ಶೆಟ್ಟಿ ಕೆರೆಯನ್ನು ಸೇರಿ, ಮುಂದೆ ದಕ್ಷಿಣ ಪಿನಾಕಿನಿಯತ್ತ ಸಾಗುತ್ತದೆ.

ಬೆಂಗಳೂರಿನ ಕಣ್ಮರೆಯಾದ ಕೆರೆಗಳ ಪಟ್ಟಿಗಳಲ್ಲಿ ಬಾಣಸವಾಡಿ ಕೆರೆಯ ಹೆಸರೂ ಇದೆ. ಅದರ ಜಾಗದಲ್ಲಿ ಸುಬ್ಬಯ್ಯನಪಾಳ್ಯ ಬಡಾವಣೆ ಇದೆಯೆಂದು ಅವು ದಾಖಲಿಸುತ್ತವೆ. ಹೆಣ್ಣೂರು ಕೆರೆಯ ಅಂಗಳದ ವಿಷಯದಲ್ಲಿ ಎಚ್‌ಬಿಆರ್ ಬಡಾವಣೆಯ ಉಲ್ಲೇಖವಿದೆ. ನೀರಾವರಿಯ ಬಳಕೆ ನಿಂತ ಮೇಲೆ ಕೆರೆಯಂಗಳವನ್ನು ಖಾಲಿ ನೆಲವೆಂದು ಪರಿಗಣಿಸಿದ್ದು ಇದಕ್ಕೆ ಮುಖ್ಯ ಕಾರಣ. ಆದರೆ ಕೆರೆಯನ್ನು ಮುಚ್ಚಿದರೂ ನೆಲದ ಇಳಿಜಾರು ಬದಲಾಗುವುದಿಲ್ಲ. ರಾಜಕಾಲುವೆಗಳು ಕಿರಿದಾದ ಕಡೆ ಮಳೆನೀರು ತಗ್ಗಿನ ಬಡಾವಣೆಗಳಲ್ಲಿ ನಿಲ್ಲುತ್ತದೆ. ಹೊರಮಾವಿನ ಸಾಯಿ ಬಡಾವಣೆಯು ಹಲವು ಬಾರಿ ಜಲಾವೃತವಾಗಿದ್ದು, 2025ರ ಮೇ ತಿಂಗಳ ಮಳೆಯಲ್ಲಿಯೂ ಅಲ್ಲಿನ ಮನೆಗಳಿಗೆ ನೀರು ನುಗ್ಗಿತು.

2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ಕೆರೆಗಳ ಸುತ್ತಲಿನ ಮೀಸಲು ವಲಯವನ್ನು 75 ಮೀಟರ್‌ಗಳಿಗೆ ವಿಸ್ತರಿಸಿತ್ತು. 2019ರ ಮಾರ್ಚ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಆದೇಶವನ್ನು ರದ್ದುಪಡಿಸಿದ್ದರಿಂದ ನಗರ ಯೋಜನೆಯಲ್ಲಿದ್ದ 30 ಮೀಟರ್‌ಗಳ ಮಿತಿಯೇ ಮತ್ತೆ ಅನ್ವಯವಾಯಿತು.

ಕುಡಿಯುವ ನೀರಿನಲ್ಲಿಯೂ ಬಡಾವಣೆಯ ಬಗೆಯಂತೆ ವ್ಯತ್ಯಾಸವಿದೆ. ಸುಮಾರು 100 ಕಿ.ಮೀ. ದೂರದಿಂದ ಬರುವ ಕಾವೇರಿ ನೀರು ಹಳೆಯ ನಗರ ಪ್ರದೇಶ ಮತ್ತು ಸರ್ಕಾರಿ ಬಡಾವಣೆಗಳಿಗೆ ಮೊದಲು ತಲುಪಿತು. ಹೊರವಲಯದ ಅನೇಕ ಬಡಾವಣೆಗಳು ಕೊಳವೆಬಾವಿ ಮತ್ತು ಟ್ಯಾಂಕರುಗಳನ್ನು ನೆಚ್ಚಿಕೊಂಡವು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ಈ ಅವಲಂಬನೆಯ ಮಿತಿ ತಿಳಿದುಬಂದಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ, 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ದಿನಕ್ಕೆ 775 ದಶಲಕ್ಷ ಲೀಟರ್ ನೀರೊದಗಿಸುವ ಕಾವೇರಿ ಐದನೆಯ ಹಂತದ ಯೋಜನೆಯು ಉದ್ಘಾಟನೆಗೊಂಡಿತು.

ಸಾರಿಗೆ

ದಂಡಿನ ಕಡೆಯಿಂದ ಮಾರುತಿ ಸೇವಾನಗರದ ಮೂಲಕ ಬರುವ ಬಾಣಸವಾಡಿ ಮುಖ್ಯರಸ್ತೆಯು ಇಲ್ಲಿನ ಹಳೆಯ ಸಂಪರ್ಕ. ಹೆಬ್ಬಾಳದಿಂದ ಕೃಷ್ಣರಾಜಪುರದತ್ತ ಸಾಗುವ ಹೊರವರ್ತುಲ ರಸ್ತೆಯು ಬಾಣಸವಾಡಿಯ ಸನಿಹದಲ್ಲಿ ಹಾದುಹೋದ ಮೇಲೆ, ನಗರಕೇಂದ್ರಕ್ಕೆ ಹೋಗದೆಯೇ ನಾಗವಾರ, ಮಹದೇವಪುರ ಮತ್ತು ವೈಟ್‌ಫೀಲ್ಡ್ ಕಡೆಯ ತಂತ್ರಜ್ಞಾನ ಸಂಸ್ಥೆಗಳನ್ನು ತಲುಪುವುದು ಸಾಧ್ಯವಾಯಿತು. ಅಂಚಿನ ಊರಾಗಿದ್ದ ಬಾಣಸವಾಡಿಯು ಇದರಿಂದ ಹಲವು ಉದ್ಯೋಗ ಕೇಂದ್ರಗಳ ನಡುವಿನ ವಸತಿ ಪ್ರದೇಶವಾಗಿ ಬದಲಾಯಿತು.

ಬಾಣಸವಾಡಿ ರೈಲು ನಿಲ್ದಾಣವು ಬೈಯಪ್ಪನಹಳ್ಳಿ ಮತ್ತು ಯಶವಂತಪುರಗಳನ್ನು ಹೆಬ್ಬಾಳದ ಮೂಲಕ ಜೋಡಿಸುವ ಮಾರ್ಗದಲ್ಲಿದೆ. ಕೇರಳದ ಕೆಲವು ರೈಲುಗಳು ಇಲ್ಲಿಂದ ಹೊರಡುತ್ತಿದ್ದವು. 2022ರ ಜೂನ್‌ನಲ್ಲಿ ಸಮೀಪದಲ್ಲಿಯೇ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಕಾರ್ಯಾರಂಭ ಮಾಡಿತು. ಉಪನಗರ ರೈಲು ಯೋಜನೆಯ 'ಮಲ್ಲಿಗೆ' ಮಾರ್ಗವು ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರದವರೆಗೆ ಸುಮಾರು 25 ಕಿ.ಮೀ. ಉದ್ದವಿದ್ದು, ಬಾಣಸವಾಡಿಯನ್ನು ಒಳಗೊಂಡಿದೆ. 2021ರ ಏಪ್ರಿಲ್‌ನಲ್ಲಿ ಕೇಂದ್ರ ಸಚಿವ ಸಂಪುಟದ ಒಪ್ಪಿಗೆ ಪಡೆದ ನಮ್ಮ ಮೆಟ್ರೊ ನೀಲಿ ಮಾರ್ಗದಲ್ಲಿ ಕಸ್ತೂರಿನಗರ, ಹೊರಮಾವು, ಎಚ್‌ಆರ್‌ಬಿಆರ್ ಬಡಾವಣೆ ಮತ್ತು ಕಲ್ಯಾಣನಗರ ನಿಲ್ದಾಣಗಳಿವೆ.

ಆಡಳಿತ

2007ರಲ್ಲಿ ಏಳು ನಗರಸಭೆಗಳು, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿಕೊಂಡು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ರಚನೆಯಾದಾಗ, ಮುಂದಿನ 198 ವಾರ್ಡುಗಳ ವಿಂಗಡಣೆಯಲ್ಲಿ ಬಾಣಸವಾಡಿಯು 27ನೆಯ ವಾರ್ಡ್ ಆಯಿತು. ತ್ರಿಪದಿ ಕವಿ ಸರ್ವಜ್ಞನ ಹೆಸರು ಹೊತ್ತ ಸರ್ವಜ್ಞನಗರ ವಿಧಾನಸಭಾ ಕ್ಷೇತ್ರಕ್ಕೂ ಬೆಂಗಳೂರು ಕೇಂದ್ರ ಲೋಕಸಭಾ ಕ್ಷೇತ್ರಕ್ಕೂ ಇದು ಸೇರಿದೆ. 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ವ್ಯಾಪ್ತಿಯಲ್ಲಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದವು. ಸರ್ವಜ್ಞನಗರ ಕ್ಷೇತ್ರವು ಉತ್ತರ ನಗರ ಪಾಲಿಕೆಗೂ ಹೊರಮಾವು, ರಾಮಮೂರ್ತಿನಗರಗಳನ್ನು ಒಳಗೊಂಡ ಕೃಷ್ಣರಾಜಪುರ ಕ್ಷೇತ್ರವು ಪೂರ್ವ ನಗರ ಪಾಲಿಕೆಗೂ ಸೇರಿದವು. ಹೀಗಾಗಿ ನೆರೆಹೊರೆಯ ಬಡಾವಣೆಗಳ ರಸ್ತೆ ಮತ್ತು ಚರಂಡಿಗಳು ಈಗ ಎರಡು ಪಾಲಿಕೆಗಳ ಹೊಣೆಯಾಗಿವೆ.