ವಾಪಸ್ ಬಂದ ಇಮೇಲ್: ಕಾರಣ ತಿಳಿಯುವುದು ಹೇಗೆ?



ಸಂಘದ ಆಮಂತ್ರಣಗಳನ್ನು ಇಮೇಲ್‌ನಲ್ಲಿ ಕಳಿಸಿದಾಗಲೆಲ್ಲ ಕೆಲವು ತಲುಪದೆ ವಾಪಸ್ ಬರುತ್ತವೆ. ಸಾಂಗ್ಲಿ ಜಿಲ್ಲೆ ಜತ್ ತಾಲ್ಲೂಕಿನ ಗುಡ್ಡಾಪುರ ಮತ್ತು ಸುತ್ತಲಿನ ಹಳ್ಳಿಗಳ ನಮ್ಮ ಕನ್ನಡ ಬಂಧುಗಳಿಗೆ ಬರೆದವೂ ಅವುಗಳಲ್ಲಿ ಇರುತ್ತವೆ. ವಾಪಸ್ ಬಂದ ವಿಳಾಸವನ್ನು ಪಟ್ಟಿಯಿಂದ ತೆಗೆದುಬಿಡುವುದು ಸುಲಭ; ನಾವೂ ಮೊದಲು ಹಾಗೇ ಮಾಡುತ್ತಿದ್ದೆವು. ಆದರೆ ಹಾಗೆ ತೆಗೆದವರಿಗೆ ಮುಂದೆ ಯಾವ ಸುದ್ದಿಯೂ ಹೋಗುವುದಿಲ್ಲ, ತಮ್ಮ ಹೆಸರು ಬಿಟ್ಟುಹೋಗಿದೆ ಎಂಬುದು ಅವರಿಗೆ ಗೊತ್ತಾಗುವುದೂ ಇಲ್ಲ. ಆದ್ದರಿಂದ ಅಳಿಸುವ ಮೊದಲು ಕಾರಣ ಓದಬೇಕು.

ಬರೆದವರು ಯಾರು?

‘ಮೇಲರ್ ಡೀಮನ್’ ಅಥವಾ ‘ಪೋಸ್ಟ್‌ಮಾಸ್ಟರ್’ ಹೆಸರಿನಲ್ಲಿ ಬರುವ ಈ ಉತ್ತರವನ್ನು ಮನುಷ್ಯರು ಬರೆದಿರುವುದಿಲ್ಲ. ಮೇಲ್ ಸರ್ವರ್ ತಾನಾಗಿ ಕಳಿಸುತ್ತದೆ. ಅದಕ್ಕೆ ಮರುತ್ತರ ಬರೆದು ಉಪಯೋಗವಿಲ್ಲ. ಇಂಗ್ಲಿಷ್ ಸಾಲುಗಳ ನಡುವೆ ಚುಕ್ಕೆಗಳಿಂದ ಬೇರ್ಪಟ್ಟ ಮೂರು ಅಂಕಿ ಇರುತ್ತವೆ, ಉದಾಹರಣೆಗೆ 5.1.1. ಕಾರಣ ಅಲ್ಲಿದೆ.

ಮೊದಲ ಅಂಕಿ: 4 ಅಥವಾ 5

4 ಎಂದಿದ್ದರೆ ತೊಂದರೆ ತಾತ್ಕಾಲಿಕ. ಸರ್ವರ್ ಸಾಮಾನ್ಯವಾಗಿ ಕೆಲವು ದಿನ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ನಾವು ಕಾದರೆ ಸಾಕು. 5 ಎಂದಿದ್ದರೆ ಪ್ರಯತ್ನ ಮುಗಿದಿದೆ. ಏನನ್ನೂ ಸರಿಪಡಿಸದೆ ಅದೇ ಪತ್ರವನ್ನು ಮತ್ತೆ ಕಳಿಸಿದರೆ ಮತ್ತೆ ವಾಪಸ್ ಬರುತ್ತದೆ.

ಸಾಮಾನ್ಯವಾಗಿ ಕಾಣುವ ಸಂಖ್ಯೆಗಳು

• 5.1.1: ಆ ಹೆಸರಿನ ಖಾತೆ ಅಲ್ಲಿಲ್ಲ.
• 5.1.2: ‘@’ ಗುರುತಿನ ನಂತರದ ಭಾಗ ತಪ್ಪು.
• 5.2.1: ಖಾತೆ ನಿಷ್ಕ್ರಿಯವಾಗಿದೆ.
• 4.2.2 ಅಥವಾ 5.2.2: ಅಂಚೆಪೆಟ್ಟಿಗೆ ತುಂಬಿದೆ.
• 5.3.4: ಪತ್ರದ ಗಾತ್ರ ಹೆಚ್ಚಾಯಿತು. ಜಿಮೇಲ್‌ನಲ್ಲಿ ಲಗತ್ತಿನ ಮಿತಿ 25 ಎಂಬಿ.
• 5.7.1: ಸುರಕ್ಷತೆಯ ಅಥವಾ ಅನುಮತಿಯ ಕಾರಣಕ್ಕೆ ನಿರಾಕರಿಸಲಾಗಿದೆ.

ನಮ್ಮ ಜನರ ವಿಳಾಸಗಳಲ್ಲಿ ಏನಾಗುತ್ತದೆ?

ಹಳ್ಳಿಯ ಅಂಚೆಯವರು ಅರ್ಧ ವಿಳಾಸ ನೋಡಿಯೂ ಮನೆ ಹುಡುಕಿ ಕಾಗದ ಕೊಡುತ್ತಾರೆ. ಸರ್ವರ್‌ಗೆ ಆ ಪರಿಚಯವಿಲ್ಲ. ಒಂದು ಅಕ್ಷರ ತಪ್ಪಿದರೂ ವಾಪಸ್. ನಮ್ಮ ಹೆಸರುಗಳನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ. ಹಿರೇಮಠದ ಕೊನೆಗೆ ‘ಎ’ ಇದೆಯೇ ಇಲ್ಲವೇ, ಗುಡ್ಡಾಪುರಕ್ಕೆ ‘ಡಿ’ ಒಂದೋ ಎರಡೋ, ಜತ್ ಬರೆಯುವಾಗ ‘ಎಚ್’ ಉಂಟೋ ಇಲ್ಲವೋ? 5.1.1 ಕಂಡಾಗ ಮೊದಲು ಇವನ್ನು ಪರೀಕ್ಷಿಸಿ. ಜಿಮೇಲ್ ವಿಳಾಸದಲ್ಲಿ ‘@’ ಗುರುತಿನ ಮೊದಲು ಬರುವ ಚುಕ್ಕೆ ಇದ್ದರೂ ಬಿಟ್ಟರೂ ವ್ಯತ್ಯಾಸವಿಲ್ಲ. ಅಕ್ಷರ ಮಾತ್ರ ಸರಿ ಇರಬೇಕು.

ಎರಡನೆಯದು, ತುಂಬಿದ ಪೆಟ್ಟಿಗೆ. ಗೂಗಲ್ ಉಚಿತವಾಗಿ ಕೊಡುವ 15 ಜಿಬಿ ಜಾಗವನ್ನು ಮೇಲ್, ಫೋಟೋ, ಡ್ರೈವ್ ಮೂರೂ ಹಂಚಿಕೊಳ್ಳುತ್ತವೆ. ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ ಕೂಡ ಈಗ ಇದೇ ಲೆಕ್ಕಕ್ಕೆ ಸೇರುತ್ತದೆ. ಜಾತ್ರೆ, ಮದುವೆಗಳ ವಿಡಿಯೋ ತುಂಬಿದ ಮೇಲೆ ಇಮೇಲ್‌ಗೆ ಜಾಗ ಉಳಿಯುವುದಿಲ್ಲ. ಒಂದು ಫೋನ್ ಮಾಡಿ “ಕಾಕಾರ, ನಿಮ್ಮ ಮೇಲ್ ತುಂಬೇತ್ರಿ, ಹಳೇ ವಿಡಿಯೋ ಅಷ್ಟು ತಗೀರಿ” ಎಂದರೆ ಸಾಕು.

ಮೂರನೆಯದು, ಮರೆತ ಖಾತೆ. ಹೊಸ ಫೋನ್ ಕೊಂಡಾಗ ಅಂಗಡಿಯವರೋ ಮಕ್ಕಳೋ ತೆರೆದುಕೊಟ್ಟ ಖಾತೆಯನ್ನು ಎಷ್ಟೋ ಹಿರಿಯರು ಮತ್ತೆ ನೋಡಿರುವುದಿಲ್ಲ. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸುವ ಕೆಲಸವನ್ನು ಗೂಗಲ್ 2023ರ ಡಿಸೆಂಬರ್‌ನಲ್ಲಿ ಆರಂಭಿಸಿದೆ. ಇಲ್ಲಿ ಹಳೆಯ ವಿಳಾಸ ತೆಗೆಯುವುದು ಸರಿ, ಆದರೆ ಹೊಸದನ್ನು ಕೇಳಿ ಪಡೆದ ಮೇಲೆ.

ನಾವು ಕಳಿಸದ ಪತ್ರ ವಾಪಸ್ ಬಂದರೆ?

ಯಾರೋ ನಮ್ಮ ವಿಳಾಸವನ್ನು ‘ಇಂದ’ ಎಂಬಲ್ಲಿ ಹಾಕಿ ಕಳಿಸಿರಬಹುದು. ‘ಕಳುಹಿಸಿದ’ ವಿಭಾಗದಲ್ಲಿ ಅಪರಿಚಿತ ಪತ್ರಗಳಿದ್ದರೆ ಕೂಡಲೇ ಪಾಸ್‌ವರ್ಡ್ ಬದಲಿಸಿ. ಅಂಥವು ಅಲ್ಲಿ ಕಾಣದಿದ್ದರೂ ಪಾಸ್‌ವರ್ಡ್ ಬದಲಿಸುವುದು ಒಳ್ಳೆಯದು. ವಾಪಸ್ ಬಂದ ಪತ್ರದ ವೇಷದಲ್ಲಿ ವಂಚಕರೂ ಬರೆಯುತ್ತಾರೆ. ಲಗತ್ತು ತೆರೆಯಬೇಡಿ, ‘ಇಲ್ಲಿ ಒತ್ತಿ’ ಎಂದರೆ ಒತ್ತಬೇಡಿ.

ವಾಪಸ್ ಬರಲಿಲ್ಲ ಎಂದರೆ ತಲುಪಿತೆಂದೇ?

ಹಾಗೆ ಹೇಳಲಾಗದು. ಪತ್ರ ಸ್ಪ್ಯಾಮ್ ವಿಭಾಗಕ್ಕೆ ಹೋಗಿದ್ದರೆ ಕಳಿಸಿದವರಿಗೆ ಸೂಚನೆ ಬರುವುದಿಲ್ಲ. ಮುಖ್ಯ ಆಮಂತ್ರಣವಾದರೆ ಫೋನಿನಲ್ಲೂ ತಿಳಿಸುವುದು ಕ್ಷೇಮ.

ಕಾಗದದಲ್ಲೇ ಬರೆಯುವುದಾದರೆ

ಗುಡ್ಡಾಪುರದ ಮಾತು ಕನ್ನಡವೆಂದು ವಿಳಾಸದಲ್ಲಿ ವಿಜಯಪುರ ಜಿಲ್ಲೆ ಎಂದು ಬರೆಯಬೇಡಿ. ಕರ್ನಾಟಕದ ಪಿನ್ 5ರಿಂದ, ಮಹಾರಾಷ್ಟ್ರದ್ದು 4ರಿಂದ ಆರಂಭವಾಗುತ್ತದೆ. ತಪ್ಪಿದರೆ ಕಾಗದ ಬೇರೆ ರಾಜ್ಯಕ್ಕೆ ಹೋಗುತ್ತದೆ. ಜತ್ ಪಟ್ಟಣದ ಪಿನ್ 416404. ಹಳ್ಳಿಯದನ್ನು ಮನೆಯವರಿಂದ ಕೇಳಿ ಬರೆದುಕೊಳ್ಳಿ. ಕನ್ನಡದ ಜೊತೆಗೆ ಮರಾಠಿ ಅಥವಾ ಇಂಗ್ಲಿಷಿನಲ್ಲೂ ವಿಳಾಸ ಬರೆಯಿರಿ. ಲಕೋಟೆಯ ಮೇಲೆ ನಿಮ್ಮ ವಿಳಾಸವೂ ಇರಲಿ. ತಲುಪದಿದ್ದರೆ ಅದು ನಿಮ್ಮಲ್ಲಿಗೇ ಮರಳಲು ಆಗ ದಾರಿಯಿರುತ್ತದೆ.

ನಿಮ್ಮ ಅಥವಾ ಊರಿನ ಹಿರಿಯರ ಇಮೇಲ್, ಫೋನ್ ಬದಲಾಗಿದ್ದರೆ ದಯವಿಟ್ಟು ಸಂಘಕ್ಕೆ ತಿಳಿಸಿ. ಇನ್ನು ಮುಂದೆ ನಾವು ಒಮ್ಮೆ ಫೋನ್ ಮಾಡಿ ವಿಚಾರಿಸದೆ ಯಾರ ಹೆಸರನ್ನೂ ಪಟ್ಟಿಯಿಂದ ತೆಗೆಯುವುದಿಲ್ಲ.